ಮೂರು ಹಸಿರು ಚುಕ್ಕೆ

ಆಗಸ್ಟ್ 4

ಅಪ್ಪನವರಿಗೆ,

ಸ್ಕೂಲಿನ ಹಾಸ್ಟೆಲಿನಲ್ಲಿ ಪ್ರತಿ ಭಾನುವಾರ ವಾರ್ಡನ್ ಪತ್ರದ ಮೊದಲ ಮೂರು ಸಾಲನ್ನು ಬೋರ್ಡಿನ ಮೇಲೆ ಬರೆದಿಡುತ್ತಿದ್ದರು. ನಾವು ಅದನ್ನು ಕಾಪಿ ಮಾಡಿ ಕೆಳಗೆ ನಮ್ಮ ಸಂಗತಿ ಸೇರಿಸಬೇಕಿತ್ತು. ಈ ಹಾಸ್ಟೆಲಿನಲ್ಲಿ ಬೋರ್ಡಿಲ್ಲ. ಹಾಗಾಗಿ ಕ್ಷೇಮ ಕೇಳುವುದನ್ನು ಬಿಟ್ಟು ನೇರವಾಗಿ ಹೇಳುತ್ತೇನೆ: ಡಿಸೆಂಬರ್ ರಜೆಗೂ ನಾನು ಬರುವುದಿಲ್ಲ.

ಕಾರಣ ಇದೆ. ಇಲ್ಲಿ ಕೂಡುಪುಟ ಎಂಬ ವೆಬ್‌ಸೈಟ್ ಇದೆ. ಕಾಲೇಜಿನ ಎಲ್ಲ ವಿಭಾಗದವರೂ, ಬೇರೆ ಊರುಗಳ ಕಾಲೇಜಿನವರೂ ಸೇರಿ ಬರೆಯುವುದು. ಒಂದೇ ವಿಷಯದ ಮೇಲೆ ಭೌತಶಾಸ್ತ್ರದವರು ಒಂದು ಪ್ಯಾರಾ, ರಸಾಯನಶಾಸ್ತ್ರದವರು ಒಂದು, ಇತಿಹಾಸದವರು ಒಂದು. ಯಾರು ಬೇಕಾದರೂ ಓದಬಹುದು, ಪುಕ್ಕಟೆ. ಪ್ರತಿ ವಿಭಾಗದವರೂ ನೋಡಿ ಸರಿ ಎಂದರೆ ಪುಟದ ತಲೆಯ ಮೇಲೆ ಒಂದು ಹಸಿರು ಚುಕ್ಕೆ. ಮೂರು ಚುಕ್ಕೆ ಬಿದ್ದರೆ ಪುಟ ಪಕ್ಕಾ.

ಮೊದಲ ವರ್ಷದವರಲ್ಲಿ ಮೂರು ಚುಕ್ಕೆ ಸಿಕ್ಕಿದ್ದು ಒಬ್ಬಳಿಗೇ. ನನಗೆ. ನನ್ನ ಹೆಸರು ನೋಟಿಸ್ ಬೋರ್ಡಿನಲ್ಲಿದೆ. ಮೆಸ್ಸಿನಲ್ಲಿ ಜನ ಈಗ ನನ್ನ ಟೇಬಲ್ಲಿಗೆ ಬಂದು ಕೂರುತ್ತಾರೆ. ಎಂಟು ವಾರ ನಾನು ಗೋಡೆ ನೋಡಿಕೊಂಡು ತಿಂದಿದ್ದೆ. ಡಿಸೆಂಬರಿನಲ್ಲಿ ತಂಡದ ಕೆಲಸ ಇರುತ್ತದೆ, ಅದಕ್ಕೇ ಬರುವುದಿಲ್ಲ.

ಪುಟ ಯಾವುದೆಂದು ಹೇಳುವುದಿಲ್ಲ. ನೀವು ಕಂಪ್ಯೂಟರ್ ಮುಟ್ಟುವುದಿಲ್ಲವಲ್ಲ. ನಿಮ್ಮದೂ ಒಂದು ಸಾಲು ಅದರಲ್ಲಿದೆ, ಅಷ್ಟು ಮಾತ್ರ ಹೇಳುತ್ತೇನೆ. ಹನ್ನೊಂದು ವರ್ಷ ನೀವು ಬರೆದ ನಾಲ್ಕು ಸಾಲಿನ ಪತ್ರಗಳಲ್ಲಿ ಒಂದಾದರೂ ಯಾರಿಗೋ ಉಪಯೋಗಕ್ಕೆ ಬಂತು.

ಇಂತಿ,
ನಿಮ್ಮ ಮಗಳು


ಆಗಸ್ಟ್ 17

ಮಗಳಿಗೆ,

ಪತ್ರ ಬಂತು. ಬರದಿದ್ದರೆ ಬಿಡು. ನಿನ್ನ ಕೋಣೆಯಲ್ಲಿ ಈಗ ರಟ್ಟಿನ ಹಾಳೆ ಪೇರಿಸಿದ್ದೇನೆ. ತೆಗೆಯುವ ಶ್ರಮ ತಪ್ಪಿತು.

ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂದು ಹಿರಿಯರು ಹೇಳಿದ್ದಾರೆ. ನಿನ್ನ ಕೂಡುಪುಟದಲ್ಲಿ ಆ ಒಬ್ಬ ಯಾರು? ಎಲ್ಲರೂ ಸೇರಿ ಅಡುಗೆ ಮಾಡಿದರೆ ಉಪ್ಪು ಯಾರು ಹಾಕಿದರೆಂದು ಯಾರಿಗೂ ಗೊತ್ತಿರುವುದಿಲ್ಲ. ಎರಡು ಸಲ ಬಿದ್ದಿರುತ್ತದೆ, ಇಲ್ಲವೇ ಬಿದ್ದೇ ಇರುವುದಿಲ್ಲ.

ಇಲ್ಲಿ ಗ್ರಂಥಾಲಯದ ದಾಖಲೆ ಕೋಣೆಯಲ್ಲಿ ಚಾವಣಿಯ ಪೈಪು ಒಡೆಯಿತು. ಕೆಳಗಿದ್ದದ್ದು ಹಳೆಯ ಹೆರಿಗೆ ಆಸ್ಪತ್ರೆಯ ಜನನ ರಿಜಿಸ್ಟರು, ತೊಂಬತ್ತು ವರ್ಷದ್ದು, ನಾನೂರು ಹಾಳೆ. ಅಜ್ಜಿ ಹುಟ್ಟಿದ ದಿನ ಯಾವುದು, ಅಜ್ಜಿಯ ತಾಯಿಯ ಹೆಸರೇನು ಎಂದು ಹುಡುಕಿಕೊಂಡು ವಾರಕ್ಕೆ ಇಬ್ಬರು ಮೂವರು ಬಂದೇ ಬರುತ್ತಾರೆ. ಬೇರೆಲ್ಲೂ ಅದರ ನಕಲಿಲ್ಲ. ಹಾಳೆ ಹಾಳೆಗೂ ಬ್ಲಾಟಿಂಗ್ ಕಾಗದ ಇಟ್ಟು ಒಣಗಿಸುತ್ತಿದ್ದೇವೆ, ನಾನು ಮತ್ತು ಅಂಟಿನಕ್ಕ. ಅಂಟು ಕಾಯಿಸುವ ಆ ಹೆಂಗಸು ನಿನಗೆ ನೆನಪಿರಬಹುದು. ನಿನಗೆ ಜಡೆ ಹಾಕುತ್ತಿದ್ದವಳು. ಕಬ್ಬಿಣದ ರ‍್ಯಾಕಿನ ತುಕ್ಕು ನೀರಿನಲ್ಲಿ ಇಳಿದು ಹಾಳೆಗಳ ಮೇಲೆ ಕಂದು ಕಲೆ ಬಿದ್ದಿದೆ. ಇರಲಿ, ಓದಲು ಅಡ್ಡಿಯಿಲ್ಲ. ಆದರೆ ಹೊಸ ಮೇಲಧಿಕಾರಿಗೆ ಕಲೆ ಕಂಡರೆ ಮೈಯೆಲ್ಲ ಉರಿ. ಯಾವಾಗ ನೋಡಿದರೂ ಕೈಯಲ್ಲಿ ಹೊಳೆಯುವ ಹಲಗೆಯೊಂದನ್ನು ಹಿಡಿದಿರುತ್ತಾನೆ. ನಾವು ಅವನಿಗೆ ಹಲಗೆಸಾಹೇಬ ಎನ್ನುತ್ತೇವೆ.

ನನ್ನ ಸಾಲು ಯಾವುದೆಂದು ಕೇಳುವುದಿಲ್ಲ. ಹೇಳದೆ ತೆಗೆದುಕೊಂಡದ್ದಕ್ಕೆ ಒಂದು ಹೆಸರಿದೆ. ಅದು ನಿನಗೂ ಗೊತ್ತು.

ಅಪ್ಪ


ಆಗಸ್ಟ್ 27

ಅಪ್ಪನವರಿಗೆ,

ಕಳ್ಳಿ ಎಂದು ನೇರವಾಗಿಯೇ ಬರೆಯಬಹುದಿತ್ತು. ಇಂಕು ಉಳಿಸಿದಿರಿ.

ಇಲ್ಲಿ ಯಾವುದೂ ಯಾರದ್ದೂ ಅಲ್ಲ, ಅದೇ ಅದರ ಪಾಯಿಂಟು. ನಿಮಗೆ ಅರ್ಥವಾಗುವುದಿಲ್ಲ. ನಿಮಗೆ ಯಾರ ಜೊತೆಗೂ ಕೂತು ಕೆಲಸ ಮಾಡಿ ಅಭ್ಯಾಸವಿಲ್ಲ. ಕೂತರೂ ಮಾತಿಲ್ಲ. ಸ್ಕೂಲಿನಲ್ಲಿ ತಿಂಗಳಿಗೊಂದು ಸಲ ಆಫೀಸ್ ರೂಮಿನ ಫೋನು ನನ್ನ ಕೈಗೆ ಬರುತ್ತಿತ್ತು. ನೀವು ಉಸಿರಾಡುವುದನ್ನು ಮೂರು ನಿಮಿಷ ಕೇಳಿ ಇಡುತ್ತಿದ್ದೆ. ಹಿಂದೆ ಕ್ಯೂನಲ್ಲಿ ನಿಂತವಳು ಕೇಳುತ್ತಿದ್ದಳು, "ಯಾಕೆ, ಲೈನ್ ಸಿಗ್ಲಿಲ್ವಾ?" ಅದಕ್ಕೇ ಈಗಲೂ ಪತ್ರ. ಪತ್ರದಲ್ಲಿ ಉಸಿರು ಕೇಳಿಸುವುದಿಲ್ಲ.

ನನ್ನ ಪುಟಕ್ಕೆ ರಸಾಯನಶಾಸ್ತ್ರದ ಸೀನಿಯರ್ ಒಬ್ಬಳು ಚುಕ್ಕೆ ಇಟ್ಟಳು. ಅವಳನ್ನು ಎಲ್ಲರೂ ಸೂತ್ರ ಎಂದೇ ಕರೆಯುವುದು, ಬಾಯಿ ಬಿಟ್ಟರೆ ಸಮೀಕರಣ. ನಾನು ಬರೆದ ಒಂದು ಸಾಲಿನ ಕೆಳಗೆ ಅವಳು ಏಳು ಸಾಲು ಬರೆದಳು, ಬಾಣದ ಗುರುತು ಹಾಕಿ. ಇತಿಹಾಸದವನು ಅಡಿಟಿಪ್ಪಣಿ. ಅವನು "ನಮಸ್ಕಾರ" ಎಂದರೂ ಕೆಳಗೊಂದು ಟಿಪ್ಪಣಿ ಇರುತ್ತದೆ. ಅವನೂ ಒಂದು ಪ್ಯಾರಾ ಸೇರಿಸಿ ಚುಕ್ಕೆ ಇಟ್ಟ. ಭೌತಶಾಸ್ತ್ರದ ಭಾಗ ನನ್ನದೇ, ಅದಕ್ಕೆ ನಮ್ಮ ಕ್ಲಾಸಿನವಳು ಇಟ್ಟಳು. ಮೂರು ವಿಭಾಗ, ಮೂರು ಚುಕ್ಕೆ. ನಿಮ್ಮ ಒಂದು ಕೋಣೆ, ಒಂದು ಸೂಜಿ, ಒಬ್ಬ ಅಪ್ಪ, ಅದಕ್ಕಿಂತ ಇದು ಗಟ್ಟಿ.

ಮೇಲಧಿಕಾರಿಗೆ ಅಡ್ಡಹೆಸರು ಇಡುವುದು ಸುಲಭ. ಅವರು ಹೇಳುವುದನ್ನು ಒಂದು ದಿನ ಕೇಳಿನೋಡಿ.

ಅಂಟಿನಕ್ಕ ನೆನಪಿದ್ದಾರೆ. ಜಡೆ ತುಂಬ ಬಿಗಿ ಹಾಕುತ್ತಿದ್ದರು.

ನಿಮ್ಮ ಮಗಳು


ಸೆಪ್ಟೆಂಬರ್ 12

ಮಗಳಿಗೆ,

ಮೇಲಧಿಕಾರಿ ಹೇಳಿದ್ದನ್ನು ಕೇಳಿದೆ. ನೀನೂ ಕೇಳು.

ಹೋದ ಸೋಮವಾರ ಹಲಗೆ ಹಿಡಿದುಕೊಂಡು ಕೆಲಸದ ಕೋಣೆಗೆ ಬಂದ. "ರೀ ಬೈಂಡರ್, ಕಲೆ ಹೋಗಲ್ಲ ಅಂದ್ರಲ್ಲ, ಇಲ್ನೋಡಿ, ಇಡೀ ಪ್ರಪಂಚಕ್ಕೇ ಗೊತ್ತಿದೆ" ಎಂದು ಓದತೊಡಗಿದ. ತುಕ್ಕಿನ ಕಲೆಗೆ ನಿಂಬೆರಸ, ಚಿಟಿಕೆ ಉಪ್ಪು. ಹತ್ತಿಯಲ್ಲಿ ಅದ್ದಿ ಹಚ್ಚಿ ಬಿಸಿಲಿಗಿಡಬೇಕು. ಒರೆಸಬಾರದು, ಒತ್ತಬೇಕು. ನಲವತ್ತು ವರ್ಷ ಅನುಭವವಿರುವ ಬೈಂಡರುಗಳು ಬಳಸುವ ವಿಧಾನವಂತೆ. ಪಕ್ಕದಲ್ಲಿ ಬಾಣ ಹಾಕಿದ ಲೆಕ್ಕ. ತಲೆಯ ಮೇಲೆ ಮೂರು ಹಸಿರು ಚುಕ್ಕೆ.

"ಸಾರ್, ಇದು ಆಗಲ್ಲ" ಅಂದೆ.

"ಯಾಕೆ?"

"ಆ ಕಾಲದ ಮಸಿ ಮಾಡ್ತಿದ್ದದ್ದೇ ಕಬ್ಬಿಣದಿಂದ. ತುಕ್ಕೂ ಕಬ್ಬಿಣ. ನಿಂಬೆಗೆ ಕಲೆ ಯಾವ್ದು, ಹೆಸರು ಯಾವ್ದು ಅಂತ ಏನು ಗೊತ್ತು? ಎರಡನ್ನೂ ತಿಂದುಹಾಕುತ್ತೆ."

"ಇದಕ್ಕೆ ಆಧಾರ?"

ನಾನು ಕೈ ತೋರಿಸಿದೆ. ಅವನು ಹಲಗೆ ತೋರಿಸಿದ. "ಮೂರು ಡಿಪಾರ್ಟ್‌ಮೆಂಟು ಒಪ್ಪಿದೆ ಕಣ್ರೀ. ನೀವು ಅಂಟು ಹಚ್ಚೋರು."

ನಾನು ಮಾಡುವುದಿಲ್ಲ ಎಂದೆ. ಮಧ್ಯಾಹ್ನ ನನ್ನನ್ನು ಮೇಲಿನ ಆಫೀಸಿಗೆ ಕರೆಸಿ ಒಂದು ಗಂಟೆ ಬೆಂಚಿನ ಮೇಲೆ ಕೂರಿಸಿದರು. ಅಷ್ಟರಲ್ಲಿ ಅಂಟಿನಕ್ಕನ ಕೈಯಲ್ಲಿ ಮಾಡಿಸಿದ. ಅವಳೇನು ಮಾಡುತ್ತಾಳೆ, ನೌಕರಿ ಬೇಕಲ್ಲ. ಹನ್ನೊಂದು ಹಾಳೆ. ನಾನು ಇಳಿದು ಬರುವ ಹೊತ್ತಿಗೆ ಕಿಟಕಿಯ ಬಿಸಿಲಿನಲ್ಲಿ ಸಾಲಾಗಿ ಇಟ್ಟಿದ್ದಳು. ಕಲೆಯೇನೋ ಹೋಗಿತ್ತು. ಕಲೆ ಇದ್ದ ಕಡೆಯ ಹೆಸರುಗಳೂ ಹೋಗಿದ್ದವು. ತಾರೀಕು ಇದೆ, ತೂಕ ಇದೆ, ತಾಯಿಯ ಹೆಸರಿರಬೇಕಾದ ಕಡೆ ಬಿಳಿ. ಅಂಟಿನಕ್ಕ ನನ್ನ ಮುಖ ನೋಡಿ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಲೇ ಇದ್ದಳು, ಒರೆಸಿಕೊಳ್ಳುತ್ತಲೇ ಇದ್ದಳು.

ಆ ಹನ್ನೊಂದನ್ನೂ ಉಳಿದ ಹಾಳೆಗಳನ್ನೂ ಒಳಗಿಟ್ಟು ಕೋಣೆಗೆ ಬೀಗ ಹಾಕಿ ಬೀಗದಕೈ ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ. ಮರುದಿನ ನೋಟಿಸು ಬಂತು. ಆದೇಶ ಮೀರಿದ್ದು, ಸರಕಾರಿ ಕೋಣೆಗೆ ಬೀಗ ಹಾಕಿದ್ದು. ಸದ್ಯ ಕೆಲಸಕ್ಕೆ ಬರುವಂತಿಲ್ಲ. ಎರಡು ತಿಂಗಳೊಳಗೆ ಲಿಖಿತ ಆಧಾರ ಕೊಟ್ಟು ಉತ್ತರಿಸದಿದ್ದರೆ ಕೆಲಸದಿಂದ ವಜಾ. ಆಮೇಲೆ ಬೀಗ ಒಡೆದು ಉಳಿದದ್ದನ್ನೂ ತೊಳೆಯುತ್ತಾರಂತೆ.

ಆ ಪುಟ ಬರೆದ ಕತ್ತೆ ಯಾರೋ, ನಿನ್ನ ಕೂಡುಪುಟದವರೇ ಇರಬೇಕು. ಸಿಕ್ಕರೆ ನನ್ನ ನಮಸ್ಕಾರ ಹೇಳು.

ಅಪ್ಪ


ಸೆಪ್ಟೆಂಬರ್ 16

ಅಪ್ಪನವರಿಗೆ,

ಮೂರು ಪ್ರಶ್ನೆ. ದಯವಿಟ್ಟು ಬೇಗ ಬರೆಯಿರಿ.

ಹನ್ನೊಂದೇ ಹಾಳೆಯಾ, ಗ್ಯಾರಂಟಿಯಾ?

ಹೋದ ಹೆಸರನ್ನು ವಾಪಸ್ಸು ತರಲು ಏನಾದರೂ ಉಪಾಯ ಇದೆಯಾ?

ಬೀಗ ಗಟ್ಟಿಯಾಗಿದೆಯಾ?

ಕ್ಲಾಸಿಗೆ ಹೊತ್ತಾಯಿತು.

ಮಗಳು


ಸೆಪ್ಟೆಂಬರ್ 21

ಹನ್ನೊಂದು.

ಇಲ್ಲ.

ಗಟ್ಟಿಯಾಗಿದೆ.

ಅಪ್ಪ


ಸೆಪ್ಟೆಂಬರ್ 30

ಅಪ್ಪನವರಿಗೆ,

ಕತ್ತೆ ನಾನೇ.

ಈ ಎರಡು ಪದ ಬರೆಯಲು ಒಂಬತ್ತು ದಿನ ಬೇಕಾಯಿತು. ನಡುವೆ ಐದು ಪತ್ರ ಹರಿದೆ. ಒಂದರಲ್ಲಿ ನಿಮ್ಮದೇ ತಪ್ಪು ಎಂದು ಎರಡು ಪುಟ ಬರೆದಿದ್ದೆ. ಅದರಲ್ಲಿ ಸ್ವಲ್ಪ ಈಗಲೂ ಬರೆಯುತ್ತೇನೆ. ಹರಿದದ್ದು ವೇಸ್ಟ್ ಆಗಬಾರದು.

ನಾನು ಎರಡನೇ ಕ್ಲಾಸಿನಿಂದ ಐದನೇ ಕ್ಲಾಸಿಗೆ ಬರುವಷ್ಟರಲ್ಲಿ ನೀವು ಕೊಟ್ಟ ತಗಡಿನ ಟ್ರಂಕು ತುಕ್ಕು ಹಿಡಿದಿತ್ತು. ಡ್ರಾಯಿಂಗ್ ಪುಸ್ತಕದ ಮೇಲೆ ಕಲೆಯಾಯಿತು, ಟೀಚರ್ ಹೊಡೆಯುತ್ತಾರೆ, ಏನು ಮಾಡಲಿ ಎಂದು ಬರೆದಿದ್ದೆ. ನೀವು ಬರೆದಿರಿ: "ನಿಂಬೆರಸ, ಚಿಟಿಕೆ ಉಪ್ಪು, ಹತ್ತಿ. ಬಿಸಿಲಿಗಿಡು. ಒರೆಸಬೇಡ, ಒತ್ತು." ಹೊಡೆದರೆ ನೋಯುತ್ತದೆ ಎಂದು ಬರೆಯಲಿಲ್ಲ. ಟೀಚರಿಗೆ ನಾನು ಹೇಳುತ್ತೇನೆ ಎಂದೂ ಬರೆಯಲಿಲ್ಲ. ನಾಲ್ಕು ಸಾಲು. ಆದರೆ ಕಲೆ ಹೋಯಿತು. ಇಡೀ ಡಾರ್ಮಿಟರಿಗೆ ನಾನು ಡಾಕ್ಟರ್ ಆದೆ.

ಇಲ್ಲಿಗೆ ಬಂದಾಗ ಪ್ರತಿಯೊಬ್ಬರೂ ಕೂಡುಪುಟಕ್ಕೆ ಬೇರೆಯವರಿಗೆ ಗೊತ್ತಿಲ್ಲದ ಒಂದು ವಿಷಯ ಕೊಡಬೇಕು ಎಂದರು. ಎಲ್ಲರಿಗೂ ಏನೇನೋ ಗೊತ್ತಿತ್ತು. ನನಗೆ ಗೊತ್ತಿದ್ದದ್ದು ಅದೊಂದೇ. "ನನ್ನ ಅಪ್ಪ ಹೇಳಿದ್ದು" ಎಂದು ಬರೆದರೆ ನಗುತ್ತಾರೆ ಎಂದು "ನಲವತ್ತು ವರ್ಷ ಅನುಭವವಿರುವ ಬೈಂಡರುಗಳು" ಎಂದು ಬರೆದೆ. ಬಹುವಚನದಲ್ಲಿ ಭಾರ ಜಾಸ್ತಿ.

ಬಿಸಿಲು ಏನು ಮಾಡುತ್ತದೆ ಎಂದು ಭೌತಶಾಸ್ತ್ರ ನೋಡಿತು, ಸರಿ. ನಿಂಬೆ ತುಕ್ಕನ್ನು ಹೇಗೆ ಕರಗಿಸುತ್ತದೆ ಎಂದು ರಸಾಯನಶಾಸ್ತ್ರ ನೋಡಿತು, ಸರಿ. ಗ್ರಂಥಾಲಯಗಳಿಗೆ ಕಬ್ಬಿಣದ ರ‍್ಯಾಕು ಯಾವಾಗ ಬಂತು ಎಂದು ಇತಿಹಾಸ ನೋಡಿತು, ಅದೂ ಸರಿ. ಪ್ರತಿಯೊಬ್ಬರೂ ತಮ್ಮ ಪ್ಯಾರಾ ಮಾತ್ರ ಓದಿ ಚುಕ್ಕೆ ಇಟ್ಟರು. ಆ ಕಾಗದದ ಮೇಲೆ ಬರೆದದ್ದು ಏನಾಗುತ್ತದೆ ಎಂಬುದು ಯಾರ ಡಿಪಾರ್ಟ್‌ಮೆಂಟಿಗೂ ಸೇರಿರಲಿಲ್ಲ.

ನಿಮ್ಮ ಪತ್ರ ಬಂದ ದಿನವೇ ಆ ಸಾಲು ಅಳಿಸಿದೆ. ಹತ್ತು ನಿಮಿಷದಲ್ಲಿ ವಾಪಸ್ಸು ಬಂತು. ಮತ್ತೆ ಅಳಿಸಿದೆ. ಮತ್ತೆ ಬಂತು. ಲೈಬ್ರರಿಯ ಮೆಟ್ಟಿಲ ಮೇಲೆ ಸೂತ್ರ ನನ್ನನ್ನು ಹಿಡಿದು ನಿಲ್ಲಿಸಿದಳು.

"ಏನೇ ನಿನ್ ಪ್ರಾಬ್ಲಮ್ಮು? ಮೂರು ಚುಕ್ಕೆ ಬಿದ್ದ ಪುಟ ಅದು. ಆಧಾರ ಇಲ್ದೆ ಒಂದಕ್ಷರ ತೆಗೆಯೋ ಹಾಗಿಲ್ಲ."

"ಹಾಕೋವಾಗ ನಾನೇನೂ ಆಧಾರ ಕೊಟ್ಟಿರ್ಲಿಲ್ಲ."

"ಅದು ಹಾಕೋವಾಗ. ಈಗ ನನ್ನ ಸಮೀಕರಣ ಅದರ ಮೇಲೆ ನಿಂತಿದೆ. ನನ್ನ ಸಮೀಕರಣದಲ್ಲಿ ತಪ್ಪು ಏನಿದೆ ತೋರ್ಸು."

ತಪ್ಪಿಲ್ಲ ಅಪ್ಪ. ಅದೇ ಕಷ್ಟ. ಅಡಿಟಿಪ್ಪಣಿ ಪಕ್ಕದಲ್ಲಿ ನಿಂತು, "ನಿನಗೆ ಬೇಕಾದಾಗ ಇಡೋದಕ್ಕೆ, ಬೇಡವಾದಾಗ ತೆಗೆಯೋದಕ್ಕೆ ಇದೇನು ನಿಮ್ಮ ಅಪ್ಪನ ಮನೆ ಕಪಾಟಾ?" ಅಂದ. ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ. ಅಳು ಬಂದಾಗ ನಗುವುದನ್ನು ಡಾರ್ಮಿಟರಿಯಲ್ಲಿ ಕಲಿತಿದ್ದೆ.

ಅವರು ಒಪ್ಪುವುದು ಲಿಖಿತ ಆಧಾರ. ನೀವು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಕಳಿಸಿ: ಆ ಸಾಲು ನನ್ನದು, ಮಗುವಿಗೆ ಬರೆದದ್ದು, ತಪ್ಪು ಎಂದು. ನಿಮ್ಮ ನೋಟಿಸಿನ ಗಡುವಿಗೆ ಇನ್ನೂ ಐದು ವಾರವಿದೆ. ಪುಟ ಬದಲಾದರೆ ನಿಮ್ಮ ಹಲಗೆಸಾಹೇಬರಿಗೂ ತೋರಿಸಬಹುದು.

ಮಗಳು


ಅಕ್ಟೋಬರ್ 6

ಮಗಳಿಗೆ,

ಬರೆಯುವುದಿಲ್ಲ.

ನೀನೇ ಎಂದು ನನಗೆ ಮೊದಲೇ ಗೊತ್ತಿತ್ತು. ಅವನು "ಒರೆಸಬಾರದು, ಒತ್ತಬೇಕು" ಎಂದು ಓದಿದಾಗಲೇ. ನನ್ನ ಮಾತು ನನಗೆ ಗುರುತು ಸಿಗುವುದಿಲ್ಲವೇ? ಅಂಗೈ ಹುಣ್ಣಿಗೆ ಕನ್ನಡಿ ಬೇಡ. ನೀನಾಗಿಯೇ ಹೇಳುತ್ತೀಯೋ ಇಲ್ಲವೋ ನೋಡೋಣ ಎಂದು ಕತ್ತೆಯನ್ನು ಬಿಟ್ಟು ನೋಡಿದೆ. ಹದಿನೆಂಟು ದಿನ ತೆಗೆದುಕೊಂಡೆ. ಆ ಹದಿನೆಂಟು ದಿನವೂ ನಾನು ಅಂಚೆಯವನ ದಾರಿ ನೋಡಿಕೊಂಡು ಜಗಲಿಯಲ್ಲಿ ಕೂತಿದ್ದೆ. ಬೇರೆ ಕೆಲಸವೂ ಇರಲಿಲ್ಲ.

ತಪ್ಪು ಎಂದು ಬರೆಯಬೇಕಂತೆ. ತಪ್ಪೇನು? ಹತ್ತು ವರ್ಷದ ಹುಡುಗಿ, ಶಾಲೆಯ ಪುಸ್ತಕ, ಬೇಸಿಗೆ ರಜೆಯವರೆಗೆ ಬಾಳಿದರೆ ಸಾಕು. ಏಟು ತಪ್ಪಿಸುವ ಔಷಧಿ ಅದು. ನೀನು ಅದನ್ನು ತೊಂಬತ್ತು ವರ್ಷದ ರಿಜಿಸ್ಟರಿಗೆ ಕುಡಿಸಿದೆ. ನಿನ್ನ ಬಹುವಚನ ಕುಡಿಸಿತು.

ಬರೆದರೂ ಏನು ಪ್ರಯೋಜನ? ಎದುರಿಗೆ ನಿಂತು ಹೇಳಿದ್ದನ್ನೇ ನಂಬದವರು ಕಾಗದದಲ್ಲಿ ನಂಬುತ್ತಾರೆಯೇ? ಹಿತ್ತಲ ಗಿಡ ಮದ್ದಲ್ಲ. ನಿನ್ನ ಸೂತ್ರದ ಹುಡುಗಿ ಆಧಾರ ಕೇಳುತ್ತಾಳೆ, ನನ್ನ ಸಾಹೇಬನೂ ಆಧಾರ ಕೇಳುತ್ತಾನೆ. ಇಬ್ಬರೂ ಒಬ್ಬರನ್ನೊಬ್ಬರು ತೋರಿಸುತ್ತಾರೆ.

ನೋಟಿಸಿಗೆ ನಾನು ಉತ್ತರ ಕೊಡುವುದಿಲ್ಲ. ಬೀಗದಕೈಯನ್ನೂ ಕೊಡುವುದಿಲ್ಲ.

ಅಪ್ಪ


ಅಕ್ಟೋಬರ್ 13

ಅಪ್ಪನವರಿಗೆ,

ಕೊಡಬೇಡಿ. ಯಾರಿಗೂ ಏನೂ ಕೊಡಬೇಡಿ. ಅದು ನಿಮಗೆ ಚೆನ್ನಾಗಿ ಬರುತ್ತದೆ.

ಅಮ್ಮ ತೀರಿಕೊಂಡ ವರ್ಷ ನನಗೆ ಏಳು. ಟ್ರಂಕಿನ ಜೊತೆ ನನ್ನನ್ನೂ ಇಳಿಸಿ ಹೋದಿರಿ. ಟ್ರಂಕಿನ ಮೇಲೆ ನನ್ನ ಹೆಸರನ್ನು ಎಷ್ಟು ಅಂದವಾಗಿ ಬರೆದಿದ್ದಿರಿ ಎಂದರೆ ವಾರ್ಡನ್ ಎಲ್ಲರಿಗೂ ತೋರಿಸಿದರು. ಪೋಷಕರ ಭೇಟಿಯ ದಿನ ಹನ್ನೊಂದು ವರ್ಷದಲ್ಲಿ ಎಷ್ಟು ಸಲ ಬಂದಿರಿ? ನಾನು ಹೇಳುವುದಿಲ್ಲ, ನೀವೇ ನೆನೆಸಿಕೊಳ್ಳಿ, ಬೆರಳು ಒಂದು ಕೈಯದ್ದೂ ಬೇಡ. ಬಟನ್ ಹೊಲಿಯುವುದು ಹೇಗೆ, ಗೆದ್ದಲಿಗೆ ಏನು ಹಾಕಬೇಕು, ಹರಿದ ಹಾಳೆ ಅಂಟಿಸುವುದು ಹೇಗೆ. ಎಲ್ಲ ಕಲಿಸಿದಿರಿ. ಹರಿದದ್ದು ಹಾಳೆ ಅಲ್ಲದಿದ್ದರೆ ಏನು ಮಾಡಬೇಕು ಎಂದು ಒಂದು ಸಲವೂ ಬರೆಯಲಿಲ್ಲ.

ನಿಮ್ಮ ಪತ್ರಗಳನ್ನೇ ನಾನು ಇಪ್ಪತ್ತು ಸಲ ಓದುತ್ತಿದ್ದೆ. ನಿಂಬೆ, ಉಪ್ಪು, ಹತ್ತಿ. ಬೇರೆಯವರ ಅಪ್ಪಂದಿರು ಮುದ್ದು ಎಂದು ಬರೆಯುತ್ತಿದ್ದರು. ನಾನು "ಒರೆಸಬೇಡ, ಒತ್ತು" ಎಂಬುದನ್ನೇ ಹಾಗೆ ಓದಿಕೊಳ್ಳುತ್ತಿದ್ದೆ. ಅದಕ್ಕೇ ಪುಟದಲ್ಲಿ ಹಾಕಿದೆ. ಕದಿಯಲು ಹಾಕಿದ್ದಲ್ಲ.

ನೀವು ಬರೆಯದಿದ್ದರೇನು, ನಾನು ಬರೆದಿದ್ದೇನೆ. ನಿಮ್ಮ ಮೇಲಧಿಕಾರಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ: "ನೀವು ತೋರಿಸಿದ ಪುಟ ಬರೆದ ಅನುಭವಿ ಬೈಂಡರುಗಳು ನಾನು ಒಬ್ಬಳೇ. ವಯಸ್ಸು ಹದಿನೆಂಟು. ಭೌತಶಾಸ್ತ್ರ, ಮೊದಲ ವರ್ಷ. ಹಳೆಯ ರಿಜಿಸ್ಟರನ್ನು ಈ ಜನ್ಮದಲ್ಲಿ ಮುಟ್ಟಿಲ್ಲ." ಅದನ್ನೇ ಕೂಡುಪುಟದ ಚರ್ಚೆಯಲ್ಲೂ ಹಾಕಿದೆ, ನನ್ನ ಹೆಸರಿನಲ್ಲಿ. ನೋಟಿಸ್ ಬೋರ್ಡಿನಿಂದ ನನ್ನ ಹೆಸರು ತೆಗೆದರು. ಮೆಸ್ಸಿನ ಟೇಬಲ್ ಮತ್ತೆ ಖಾಲಿ. ಸಾಲು ಮಾತ್ರ ಅಲ್ಲೇ ಇದೆ. ಸೂತ್ರ ಕೆಳಗೆ ಬರೆದಿದ್ದಾಳೆ: "ಹೆದರಿದ ಹುಡುಗಿಯ ತಪ್ಪೊಪ್ಪಿಗೆ ಪುರಾವೆಯಲ್ಲ. ವಿಧಾನ ಹಾನಿ ಮಾಡುತ್ತದೆ ಎಂದು ತೋರಿಸುವ ವಸ್ತು ಇದ್ದರೆ ತನ್ನಿ."

ಆ ಹನ್ನೊಂದು ಹಾಳೆ ಬೀಗದ ಒಳಗಿದೆ. ನನ್ನ ಹತ್ತಿರ ಏನಿದೆ?

ಇನ್ನು ನಾನು ಬರೆಯುವುದಿಲ್ಲ.

(ಸಹಿ ಬೇಕಿಲ್ಲ, ಅಕ್ಷರ ಗುರುತು ಸಿಗುತ್ತದಲ್ಲ ನಿಮಗೆ)


ಅಕ್ಟೋಬರ್ 25

ಮಗಳಿಗೆ,

ಇದರ ಜೊತೆ ಒಂದು ಪಾರ್ಸೆಲ್ ಬರುತ್ತದೆ. ಮೇಜಿನ ಮೇಲೆ ಇಟ್ಟು ಬಿಚ್ಚು. ಮಡಿಲಲ್ಲಿ ಬೇಡ. ಫ್ಯಾನ್ ಆರಿಸು.

ನಿನ್ನ ಐದನೇ ಕ್ಲಾಸಿನ ಡ್ರಾಯಿಂಗ್ ಪುಸ್ತಕ. ಆ ಬೇಸಿಗೆಯಲ್ಲಿ ಬಂದಾಗ "ಕಲೆ ಪೂರ್ತಿ ಹೋಯ್ತು ನೋಡು!" ಎಂದು ಬಾಗಿಲಿನಲ್ಲೇ ನನ್ನ ಕೈಗೆ ಕೊಟ್ಟು ಒಳಗೆ ಓಡಿದೆ. ಹೋಗುವಾಗ ಬಿಟ್ಟುಹೋದೆ. ಆಗ ನನ್ನನ್ನು ನೀನು ಎನ್ನುತ್ತಿದ್ದೆ. ಮರುವರ್ಷದಿಂದ ಬೋರ್ಡಿನ ಭಾಷೆ ಶುರುವಾಯಿತು.

ಒಂಬತ್ತನೇ ಹಾಳೆ ತೆಗೆ. ಮನೆ, ಮರ, ಮೂರು ಗೊಂಬೆಗಳು. ನಿಮ್ಮ ವಾರ್ಡನ್ ಕೆಳಗಿನ ಹೆಸರನ್ನೆಲ್ಲ ಸೀಸೆಯ ಕಪ್ಪು-ನೀಲಿ ಇಂಕಿನಲ್ಲಿ ಬರೆಸುತ್ತಿದ್ದರು. ಅದೂ ಕಬ್ಬಿಣದ ಮಸಿಯೇ. ನನಗೆ ಆ ಇಂಕಿನ ವಿಷಯ ಗೊತ್ತಿರಲಿಲ್ಲ, ನೀನು ಪೆನ್ಸಿಲಿನಲ್ಲಿ ಬರೆದಿದ್ದೀಯ ಎಂದುಕೊಂಡಿದ್ದೆ. ಕಲೆ ಬಿದ್ದಿದ್ದದ್ದು ಮೂರನೇ ಗೊಂಬೆಯ ಕಾಲಿನ ಹತ್ತಿರ. ಅದರ ಕೆಳಗಿನ ಅಕ್ಷರ ಪೂರ್ತಿ ಹೋಗಿದೆ.

ಕೆಟ್ಟ ಕಾಗದ ಸಿಕ್ಕರೆ ಅದು ಹೇಗೆ ಸಾಯುತ್ತದೆಂದು ನೋಡಿ ಬರೆದಿಡುವುದು ಬೈಂಡರುಗಳ ಅಭ್ಯಾಸ. ನಿನ್ನ ಪುಸ್ತಕದ ಹಿಂದಿನ ರಟ್ಟಿನ ಒಳಗೆ ಬರೆಯುತ್ತ ಬಂದಿದ್ದೇನೆ, ಪ್ರತಿ ವರ್ಷ ಅದೇ ತಾರೀಕಿಗೆ. ಮೊದಲ ವರ್ಷ: ಬಿಳಿ, ಚೆನ್ನಾಗಿ ಕಾಣುತ್ತದೆ. ಎರಡು: ಅಂಚು ಹಳದಿ. ನಾಲ್ಕು: ಮುಟ್ಟಿದರೆ ಸದ್ದು. ಐದು: ಮಡಿಸಿದ ಕಡೆ ಬಿರುಕು. ಏಳು: ತೂತು, ಸಾಸಿವೆಯಷ್ಟು. ಎಂಟು: ನೀನೇ ನೋಡು. ನಿಂಬೆ ತಾಗದ ಹಾಳೆಗಳು ಹೊಸದರಂತೆ ಇವೆ. ನಿನ್ನ ಸೂತ್ರಕ್ಕೆ ವಸ್ತು ಬೇಕಿತ್ತಲ್ಲ.

ಆ ಬೇಸಿಗೆಯಲ್ಲೇ ನಿನಗೆ ಹೇಳಬೇಕಿತ್ತು, ಈ ಔಷಧಿ ಸರಿಯಿಲ್ಲ ಎಂದು. ನೀನು ಅಷ್ಟು ಖುಷಿಯಾಗಿದ್ದೆ. ಹೇಳಲಿಲ್ಲ. ಹೇಳಿದ್ದರೆ ಹನ್ನೊಂದು ಹಾಳೆ ಉಳಿಯುತ್ತಿದ್ದವು. ಅಷ್ಟು ಭಾಗ ನನ್ನದು. ಉಳಿದದ್ದು ನಿನ್ನದೇ.

ಭೇಟಿಯ ದಿನಗಳ ಮಾತು ಬರೆದಿದ್ದೀಯ. ನಾಲ್ಕು ಸಲ ಬಂದೆ. ಇನ್ನೊಂದು ಆರು ಸಲ ಗೇಟಿನವರೆಗೆ ಬಂದೆ. ಬಂದು ಏನು ಮಾತಾಡುವುದು ಎಂದು ತಿಳಿಯದೆ ವಾಪಸ್ಸು ಹೋದೆ. ಇದನ್ನು ಎಲ್ಲೂ ಹಾಕಬೇಡ.

ಪುಸ್ತಕ ವಾಪಸ್ಸು ಬೇಕು. ಒಂಬತ್ತನೇ ವರ್ಷದ್ದು ಬರೆಯಬೇಕು.

ಅಪ್ಪ


ನವೆಂಬರ್ 9

ಅಪ್ಪಾ,

ಫ್ಯಾನ್ ಆರಿಸಿದೆ. ಆದರೂ ಒಂದು ಚೂರು ಹಾರಿತು, ನನ್ನ ಉಸಿರಿಗೆ. ಕವರಿನಲ್ಲಿ ಹಾಕಿಟ್ಟಿದ್ದೇನೆ, ಬೈಯಬೇಡಿ.

ಸೂತ್ರಳ ಲ್ಯಾಬಿಗೆ ಒಯ್ದೆ. ಅವಳು ಲೆನ್ಸ್ ಹಾಕಿ ನೋಡಿದಳು. ಹಿಂದಿನ ರಟ್ಟು ತಿರುಗಿಸಿ ಎಂಟು ವರ್ಷದ್ದನ್ನೂ ಓದಿದಳು.

"ಇದನ್ನ ಯಾರು ಬರೆದಿದ್ದು?"

"ನಮ್ಮಪ್ಪ."

"ಎಲ್ಲಿ ಓದಿದ್ದಾರೆ?"

"ಎಲ್ಲೂ ಇಲ್ಲ."

"ನಮ್ ಲ್ಯಾಬಲ್ಲಿ ಎಂಟು ವಾರಕ್ಕಿಂತ ಜಾಸ್ತಿ ಏನನ್ನೂ ಯಾರೂ ನೋಡಲ್ಲ ಕಣೇ" ಎಂದಳು. ಕ್ಷಮೆ ಕೇಳಲಿಲ್ಲ. ಮುಖ ಹುಳಿಹುಳಿ ಮಾಡಿಕೊಂಡು ತನ್ನ ಚುಕ್ಕೆಯನ್ನು ತಾನೇ ತೆಗೆದಳು. ಅದನ್ನು ನೋಡಿ ಅಡಿಟಿಪ್ಪಣಿಯೂ ತೆಗೆದ, ಹನ್ನೆರಡು ಸಾಲಿನ ಟಿಪ್ಪಣಿ ಹಾಕಿ. ಆಮೇಲೆ ನಮ್ಮ ಕ್ಲಾಸಿನವಳೂ ತೆಗೆದಳು. ಈಗ ಪುಟದ ತಲೆಯ ಮೇಲೆ ಒಂದೂ ಚುಕ್ಕೆಯಿಲ್ಲ. ನಿಂಬೆಯ ಸಾಲಿಗೆ ಅಡ್ಡಗೆರೆ, ಪಕ್ಕದಲ್ಲಿ ನಿಮ್ಮ ರಟ್ಟಿನ ಫೋಟೋ, ಕೆಳಗೆ: "ಆಧಾರ: ಒಬ್ಬ ಬೈಂಡರರ ಎಂಟು ವರ್ಷದ ಅವಲೋಕನ." ಏಕವಚನ. ಮೆಸ್ಸಿನಲ್ಲಿ ನಾನು ಈಗಲೂ ಒಬ್ಬಳೇ. ಆದರೆ ಗೋಡೆ ಕಡೆಗೆ ಮುಖ ಮಾಡುವುದಿಲ್ಲ.

ನಿಮ್ಮ ಹಲಗೆಸಾಹೇಬರಿಗೆ ಪ್ರಿಂಟ್ ತೆಗೆದು ಕಳಿಸಿದ್ದೆ. ಗಡುವಿಗೆ ಎರಡು ದಿನ ಮುಂಚೆ ತಲುಪಿದೆ. ಉತ್ತರ ನನಗೇ ಬಂತು. ನಿಮಗೆ ಬರೆಯಲು ಅವರಿಗೆ ಮನಸ್ಸಿಲ್ಲ. ತೊಳೆಯುವ ಕೆಲಸ ನಿಲ್ಲಿಸಲಾಗಿದೆ, ನೋಟಿಸು ಹಿಂತೆಗೆದುಕೊಳ್ಳಲಾಗಿದೆ, ಸೋಮವಾರದಿಂದ ಕೆಲಸಕ್ಕೆ ಬರಲಿ, "ತಮ್ಮ ತಂದೆಯವರಿಗೆ ಬೀಗದಕೈ ತರಲು ದಯವಿಟ್ಟು ತಿಳಿಸುವುದು." ಹನ್ನೊಂದು ಹಾಳೆಯ ಬಗ್ಗೆ ಒಂದು ಮಾತೂ ಇಲ್ಲ. ಅಂಟಿನಕ್ಕನಿಗೆ ನನ್ನ ಪರವಾಗಿ ಏನು ಹೇಳಬೇಕೋ ನನಗೆ ತಿಳಿಯುತ್ತಿಲ್ಲ. ನಾನೇ ಹೇಳುತ್ತೇನೆ.

ಇನ್ನೊಂದು ವಿಷಯ. ಪುಸ್ತಕದ ಒಂಬತ್ತನೇ ಹಾಳೆಯನ್ನು ಪುಟಕ್ಕೆ ಸೇರಿಸುವಾಗ ಒಂದು ಫಾರ್ಮ್ ತುಂಬಬೇಕಿತ್ತು. "ನಷ್ಟವಾದ ಬರಹ" ಎಂಬ ಖಾನೆ ಇತ್ತು. ಅಡಿಟಿಪ್ಪಣಿ ಕೇಳಿದ, "ಖಾಲಿ ಬಿಡೋಣ್ವಾ? ಅಳಿಸಿಹೋಗಿದ್ದು ಏನಿತ್ತು ಅಂತ ಯಾರಿಗೆ ಗೊತ್ತು?"

ಮೊದಲನೆಯ ಗೊಂಬೆ ಅಮ್ಮ, ಎರಡನೆಯದು ನಾನು, ಎರಡೂ ಹೆಸರು ಹಾಗೇ ಇವೆ. ನಾನು ಟೈಪ್ ಮಾಡಿದೆ: "ಅಪ್ಪ. ಆಧಾರ: ಬರೆದವಳು." ಅದಕ್ಕೆ ಯಾರೂ ಇನ್ನೂ ಚುಕ್ಕೆ ಇಟ್ಟಿಲ್ಲ. ಇಡದಿದ್ದರೂ ಪರವಾಗಿಲ್ಲ.

ನಿಮಗೆ ಎಂಟು ವರ್ಷದಿಂದ ಗೊತ್ತಿತ್ತು, ಅಲ್ಲವಾ, ಅಲ್ಲಿ ಏನಿತ್ತು ಎಂದು. ನೀವು ಅದನ್ನು ರಟ್ಟಿನ ಮೇಲೆ ಬರೆಯಲಿಲ್ಲ.

ಡಿಸೆಂಬರಿನಲ್ಲಿ ಬರುತ್ತೇನೆ. ಪುಸ್ತಕ ಕೈಯಲ್ಲೇ ತರುತ್ತೇನೆ, ಅಂಚೆಗೆ ಹಾಕುವುದಿಲ್ಲ. ರಟ್ಟಿನ ಹಾಳೆ ತೆಗೆಯುವುದು ಬೇಡ, ಸ್ವಲ್ಪ ಸರಿಸು, ಜಾಗ ಸಾಕು. ಬೀಗದಕೈ ಸಾಹೇಬರಿಗೆ ಕೊಟ್ಟುಬಿಡು, ಆದರೆ ಒಂದು ದಿನಕ್ಕೆ ಕೇಳಿ ಇಸಕೊಂಡು ನನಗೆ ಆ ಹನ್ನೊಂದು ಹಾಳೆ ತೋರಿಸು. ನಾನು ಏನನ್ನೂ ಮುಟ್ಟುವುದಿಲ್ಲ. ನೀನು ಪಕ್ಕದಲ್ಲಿ ನಿಂತಿರು, ಮಾತಾಡಬೇಕಾಗಿಲ್ಲ.

ನಿನ್ನ ಮಗಳು